ಮರುಭೂಮಿಯ ಆಹಾರ ಸರಪಳಿ ಒಣಹುಲ್ಲಿನಿಂದ ಶುರುವಾದರೆ ತಪ್ಪೇ?

ತರಗೆಲೆ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಮಗಳು ಎಂಟನೇ ತರಗತಿ. ವಿಜ್ಞಾನ ಪರೀಕ್ಷೆಯಲ್ಲಿ ಮರುಭೂಮಿಯ ಆಹಾರ ಸರಪಳಿಯೊಂದನ್ನು ಬರೆಯಲು ಕೇಳಿದ್ದರು. ಇವಳು "ಒಣಗಿದ ಹುಲ್ಲು → ಗೆದ್ದಲು → ಹಲ್ಲಿ → ಹಾವು" ಎಂದು ಬರೆದಿದ್ದಾಳೆ. ಅದರ ಮೇಲೆ ಕೆಂಪು ಶಾಯಿಯ ಗೀಟು ಬಿದ್ದಿದೆ. "ಸರಪಳಿ ಹಸಿರು ಸಸ್ಯದಿಂದ ಆರಂಭವಾಗಬೇಕು, ವಿಘಟಕಗಳು ಕೊನೆಗೆ" ಎಂದು ಪಕ್ಕದಲ್ಲಿ ಬರೆದು ಸೊನ್ನೆ ಹಾಕಿದ್ದಾರೆ.

ಅಂಕದ ಚಿಂತೆ ನನಗಿಲ್ಲ. ಆದರೆ ಅವಳು ಆಮೇಲೆ ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. "ಅಪ್ಪಾ, ಬ್ಯಾಕ್ಟೀರಿಯಾಗೂ ಬೂಷ್ಟಿಗೂ ತೇವ ಬೇಕು ತಾನೆ? ಮರುಭೂಮೀಲಿ ತೇವ ಇಲ್ಲ. ಹಾಗಾದ್ರೆ ಸತ್ತ ಗಿಡ ಎಲ್ಲ ಅಲ್ಲೇ ರಾಶಿ ಬಿದ್ದಿರಬೇಕಿತ್ತಲ್ವಾ? ಅದೆಲ್ಲ ಎಲ್ಲಿಗೆ ಹೋಗುತ್ತೆ?"

ಎಲ್ಲಿಗೆ ಹೋಗುತ್ತದೆ?

ಜೀವಶಾಸ್ತ್ರದ ಮೇಷ್ಟ್ರು

ತರಗೆಲೆಯವರೇ, ಮೊದಲು ಮಗಳಿಗೆ ನನ್ನ ಶಹಬ್ಬಾಸ್ ಹೇಳಿ. ಅವಳ ಉತ್ತರ ಸರಿ ಇದೆ.

ಆಹಾರ ಸರಪಳಿ ಎರಡು ಬಗೆ. ಹಸಿರನ್ನು ಮೇಯುವ ಪ್ರಾಣಿಯ ಮೂಲಕ ಸಾಗುವುದು ಒಂದು. ಉದುರಿದ ಎಲೆ, ಕಡ್ಡಿ, ಹಿಕ್ಕೆ, ಹೆಣ ಇವುಗಳಿಂದ ಹೊರಡುವುದು ಇನ್ನೊಂದು, ಇದಕ್ಕೆ ಡೆಟ್ರೈಟಸ್ ಸರಪಳಿ ಎನ್ನುತ್ತಾರೆ. ಮರುಭೂಮಿಯಲ್ಲಿ ಬೆಳೆದ ಹಸಿರಿನಲ್ಲಿ ಜೀವಂತವಾಗಿರುವಾಗಲೇ ಪ್ರಾಣಿಗಳ ಹೊಟ್ಟೆ ಸೇರುವುದು ಚಿಕ್ಕ ಪಾಲು. ಹೆಚ್ಚಿನದು ಒಣಗಿ ಬಿದ್ದ ಮೇಲೆಯೇ ಇನ್ನೊಂದು ಜೀವಿಗೆ ಅನ್ನವಾಗುತ್ತದೆ. ಹಾಗಾಗಿ ಒಣಹುಲ್ಲಿನಿಂದ ಬಾಣ ಹೊರಡಿಸಿದ ಹುಡುಗಿ ಮರುಭೂಮಿಯ ಹೆದ್ದಾರಿಯನ್ನೇ ಹಿಡಿದಿದ್ದಾಳೆ.

ವಿಘಟಕಗಳನ್ನು ಪಟ್ಟಿಯ ಕೊನೆಗೆ ತಳ್ಳುವ ರೂಢಿ ಎಲ್ಲಿಂದ ಬಂತೋ, ನನಗೆ ಅದು ಮೊದಲಿನಿಂದಲೂ ಒಪ್ಪಿಗೆಯಿಲ್ಲ. ರೇಮಂಡ್ ಲಿಂಡೆಮನ್ 1942ರಲ್ಲಿ ಅಮೆರಿಕದ ಮಿನ್ನೆಸೋಟದ ಸಣ್ಣ ಕೆರೆಯೊಂದರಲ್ಲಿ ಶಕ್ತಿ ಹೇಗೆ ಕೈಬದಲಾಗುತ್ತದೆ ಎಂದು ಲೆಕ್ಕ ಹಾಕಿ ಚಿತ್ರ ಬರೆದರು. ಪರಿಸರ ವಿಜ್ಞಾನದ ಬುನಾದಿಯಂಥ ಆ ಚಿತ್ರದಲ್ಲಿ ಕೆರೆಯ ತಳದ ಕೊಳೆತ ಕೆಸರು ಕೂತಿರುವುದು ನಟ್ಟನಡುವೆ. ಎಲ್ಲ ಬಾಣಗಳೂ ಅದನ್ನು ಮುಟ್ಟಿಯೇ ಹೋಗುತ್ತವೆ.

ಒಂದು ಸಣ್ಣ ತಿದ್ದುಪಡಿ ಮಾತ್ರ. ಗೆದ್ದಲನ್ನು ಕಟ್ಟುನಿಟ್ಟಾಗಿ ವಿಘಟಕ ಎನ್ನುವುದಿಲ್ಲ, ಅದು ಕೊಳೆತಿನಿ. ಸತ್ತದ್ದನ್ನು ಬಾಯಿಂದ ಕಡಿದು ನುಂಗುತ್ತದೆ. ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಗೆ ಬಾಯಿಯಿಲ್ಲ. ಅವು ಕಿಣ್ವವನ್ನು ಹೊರಗೆ ಸುರಿದು, ಅಲ್ಲೇ ಕರಗಿಸಿ, ಕರಗಿದ್ದನ್ನು ಹೀರುತ್ತವೆ. ಆ ಕರಗಿಸುವ ಕೆಲಸಕ್ಕೆ ನೀರು ಬೇಕೇ ಬೇಕು. ನಿಮ್ಮ ಮಗಳ ಪ್ರಶ್ನೆಯ ಬೇರು ಇರುವುದು ಇಲ್ಲಿಯೇ.

ಹುತ್ತದ ಪಕ್ಕ

ಗೆದ್ದಲಿನ ಮಾತು ಬಂದಮೇಲೆ ನಾನು ಸುಮ್ಮನಿರಲಾರೆ.

ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಕಡೆ ಕೊಳೆಯುವಿಕೆ ಬಹಳ ನಿಧಾನ ಇರಬೇಕು ಎಂದೇ ಎಲ್ಲರೂ ಎಣಿಸಿದ್ದರು. ಒಂದು ಜಾಗದಲ್ಲಿ ಎಷ್ಟು ನೀರು ಆವಿಯಾಗುತ್ತದೆ ಎಂದು ಗೊತ್ತಿದ್ದರೆ ಅಲ್ಲಿ ಎಲೆ ಎಷ್ಟು ಬೇಗ ಕೊಳೆಯುತ್ತದೆ ಎಂದು ಹೇಳಬಹುದು ಎಂಬ ಸೂತ್ರ 1970ರ ದಶಕದಲ್ಲಿ ಬಂತು. ಕಾಡುಗಳಲ್ಲಿ ಅದು ಚೆನ್ನಾಗಿ ಹೊಂದಿಕೊಂಡಿತು. ನ್ಯೂ ಮೆಕ್ಸಿಕೋದ ಚಿಹುವಾಹುವಾ ಮರುಭೂಮಿಯಲ್ಲಿ ವಾಲ್ಟರ್ ವಿಟ್‌ಫೋರ್ಡ್ ಮತ್ತು ಜೊತೆಗಾರರು ಅಳೆದಾಗ ಸೂತ್ರ ಕೈಕೊಟ್ಟಿತು. ಅಲ್ಲಿ ತರಗೆಲೆ ಸೂತ್ರ ಹೇಳಿದ್ದಕ್ಕಿಂತ ಎಷ್ಟೋ ಬೇಗ ಮಾಯವಾಗುತ್ತಿತ್ತು. 1981ರಲ್ಲಿ ಇದನ್ನು ಪ್ರಕಟಿಸಿದರು.

ಹಾಗೆ ಮಾಯ ಮಾಡುತ್ತಿದ್ದವರಲ್ಲಿ ಗೆದ್ದಲೇ ಮುಂದಾಳು. ಕೆಲವು ತಾಕುಗಳಲ್ಲಿ ಗೆದ್ದಲನ್ನು ಔಷಧ ಹಾಕಿ ತೆಗೆದು, ಪಕ್ಕದ ತಾಕುಗಳನ್ನು ಹಾಗೇ ಬಿಟ್ಟು ವರ್ಷಗಟ್ಟಲೆ ಹೋಲಿಸಿ ನೋಡಿದರು. ಗೆದ್ದಲಿಲ್ಲದ ಕಡೆ ಒಣಹುಲ್ಲೂ ದನದ ಸಗಣಿಯೂ ನೆಲದ ಮೇಲೆ ಉಳಿದವು. ಇನ್ನೊಂದು ಸಂಗತಿ ನನಗೆ ಇದಕ್ಕಿಂತ ದೊಡ್ಡದು ಅನ್ನಿಸುತ್ತದೆ: ಗಿಡಗಳಿಲ್ಲದ ಬೋಳು ಜಾಗದಲ್ಲಿ ಗೆದ್ದಲು ಹೋದಮೇಲೆ ಮಳೆನೀರು ಇಂಗುವುದೇ ಕಡಿಮೆಯಾಯಿತು. ಅವುಗಳ ಸುರಂಗಗಳೇ ನೀರಿಗೆ ದಾರಿಯಾಗಿದ್ದವು.

ಅವು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಬೇಕು. ಒಂದು ಒಣಕಡ್ಡಿ ಬಿದ್ದಿರುತ್ತದೆ. ಬೆಳಿಗ್ಗೆ ನೋಡಿದರೆ ಅದರ ಸುತ್ತ ಮಣ್ಣಿನ ತೆಳುಲೇಪ, ಯಾರೋ ಕೆಸರಿನಲ್ಲಿ ಅದ್ದಿ ಒಣಗಿಸಿದ ಹಾಗೆ. ಉಗುರಿನಿಂದ ಮೆಲ್ಲಗೆ ಎಬ್ಬಿಸಿದರೆ ಪುಡಿಪುಡಿಯಾಗಿ ಉದುರುತ್ತದೆ, ಒಳಗೆ ಬೆಳ್ಳಗಿನ ಹುಳುಗಳು ಗಾಬರಿಯಿಂದ ಕೆಳಗಿಳಿಯುತ್ತವೆ. ಆ ಲೇಪ ಅವುಗಳ ಚಪ್ಪರ. ಎಂಜಲು ಬೆರೆಸಿದ ಮಣ್ಣಿನಿಂದ ನೆರಳನ್ನೂ ತೇವವನ್ನೂ ತಾವೇ ಕಟ್ಟಿಕೊಂಡು, ಅದರ ಮರೆಯಲ್ಲಿ ಕಡ್ಡಿ ತಿನ್ನುತ್ತವೆ. ಕೆಲವು ದಿನ ಬಿಟ್ಟು ನೋಡಿದರೆ ಕಡ್ಡಿಯ ಆಕಾರದ ಮಣ್ಣಿನ ಕೊಳವೆ ಮಾತ್ರ ಇರುತ್ತದೆ, ಕಡ್ಡಿ ಇರುವುದಿಲ್ಲ.

ಇನ್ನು ಹೊಟ್ಟೆಯೊಳಗೆ? ಅಲ್ಲಿ ಸದಾ ತೇವ. ಮೇಷ್ಟ್ರು ಹೇಳಿದ ಬ್ಯಾಕ್ಟೀರಿಯಾಗಳು ಅಲ್ಲಿ ಕೋಟಿಗಟ್ಟಲೆ ಇವೆ. ಹೊರಗೆ ಬೆಂಕಿಯಂಥ ನೆಲ, ಅದರ ಮೇಲೆ ಓಡಾಡುವ ಲಕ್ಷಾಂತರ ಒದ್ದೆ ಚೀಲಗಳು. ಕೊಳೆಯುವ ಕೆಲಸ ನಡೆಯುವುದು ಆ ಚೀಲಗಳಲ್ಲಿ.

ಪುಟ್ಟ ಪ್ರಶ್ನೆ

ನಾನು ಪದವಿ ವಿದ್ಯಾರ್ಥಿನಿ. ಗೆದ್ದಲಿಲ್ಲದ ಮರುಭೂಮಿಗಳೂ ಇವೆಯಲ್ಲ, ಚಳಿ ಹೆಚ್ಚಿರುವ ಕಡೆ? ಅಲ್ಲಿ ಏನಾಗುತ್ತದೆ? ಬಿಸಿಲಿಗೇ ಎಲೆ ಪುಡಿಯಾಗುತ್ತದೆ ಎಂದು ಎಲ್ಲೋ ಓದಿದ ನೆನಪು, ನಿಜವೇ?

ಬಿಸಿಲುಕೋಲು

ನಿಜ. ಏಮಿ ಆಸ್ಟಿನ್ ಮತ್ತು ಲೂಸಿಯಾ ವಿವಾಂಕೊ ಅರ್ಜೆಂಟೀನಾದ ಪ್ಯಾಟಗೋನಿಯಾದ ಒಣ ಹುಲ್ಲುಗಾವಲಿನಲ್ಲಿ ಮಾಡಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ತರಗೆಲೆಯ ಮೇಲೆ ಬೇರೆಬೇರೆ ತಡೆಹಾಳೆ ಕಟ್ಟಿದರು. ಅತಿನೇರಳೆ-ಬಿ ಕಿರಣವನ್ನಷ್ಟೇ ತಡೆದಾಗ ಎಲೆ ಕರಗುವ ವೇಗ ಶೇ. 33ರಷ್ಟು ಇಳಿಯಿತು. ಬಿಸಿಲಿನ ಎಲ್ಲ ಕಿರಣಗಳನ್ನೂ ತಗ್ಗಿಸಿದಾಗ ಶೇ. 60ರಷ್ಟು. ಬಿಸಿಲೇ ಎಲೆಯನ್ನು ಮುರಿಯುತ್ತಿತ್ತು.

ಮಜಾ ಏನೆಂದರೆ, ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಸೂಕ್ಷ್ಮಜೀವಿಗಳಿಗೆ ಕಬ್ಬಿಣದ ಕಡಲೆ, ಕಾಡಿನಲ್ಲಿ ಕೊಳೆಯುವುದನ್ನು ತಡಮಾಡುವುದೇ ಅದು. ಆದರೆ ಲಿಗ್ನಿನ್ ಬೆಳಕನ್ನು ಚೆನ್ನಾಗಿ ಹೀರುತ್ತದೆ, ಹೀರಿ ಮುರಿಯುತ್ತದೆ. ಆಮೇಲೆ ಒಂದು ಹನಿ ತೇವ ಸಿಕ್ಕರೂ ಸೂಕ್ಷ್ಮಜೀವಿಗಳಿಗೆ ಒಳಗಿನ ಸಕ್ಕರೆ ಕೈಗೆಟಕುತ್ತದೆ. ಒಂದು ರೀತಿಯಲ್ಲಿ ಬಿಸಿಲು ಅವುಗಳಿಗೆ ಬೇಯಿಸಿ ಬಡಿಸುತ್ತದೆ.

ಲೆಕ್ಕದ ಮನುಷ್ಯ

ಇಲ್ಲಿ ಒಂದು ತಕರಾರು. ಪ್ಯಾಟಗೋನಿಯಾದ ಆ ಜಾಗ ಅರೆಶುಷ್ಕ, ಅದರ ಅಂಕಿಯನ್ನು ಎಲ್ಲ ಮರುಭೂಮಿಗೂ ಹಚ್ಚುವಂತಿಲ್ಲ. ಮತ್ತೆ, ಮರಳು ಮುಚ್ಚಿದ ಎಲೆಗೆ ಬಿಸಿಲೆಲ್ಲಿಂದ ತಾಗಬೇಕು? ಗಾಳಿಗೆ ಅರ್ಧ ತರಗೆಲೆ ಮಣ್ಣಿನಡಿ ಸೇರಿರುತ್ತದೆ.

ಇನ್ನೂ ಮುಖ್ಯವಾದದ್ದು: ಬಿಸಿಲು ಎಲೆಯ ಇಂಗಾಲದ ಒಂದು ಪಾಲನ್ನು ನೇರ ಗಾಳಿಗೆ ಕಳಿಸಿಬಿಡುತ್ತದೆ. ಆ ಪಾಲು ಯಾವ ಹುಳುವಿನ ಬಾಯಿಗೂ ಬೀಳದು. ಆಹಾರ ಸರಪಳಿಯ ಲೆಕ್ಕದಲ್ಲಿ ಅದು ಸೋರಿಕೆ. ಬಿಸಿಲನ್ನು ವಿಘಟಕ ಎಂದು ಕರೆಯುವ ಮೊದಲು ಇದನ್ನು ಯೋಚಿಸಬೇಕು.

ಬಿಸಿಲುಕೋಲು

ಒಪ್ಪಿದೆ ಸರ್. ನೆಲದ ಮೇಲಿರುವ, ಇನ್ನೂ ನಿಂತೇ ಒಣಗಿರುವ ಹುಲ್ಲಿಗೆ ನಾನು ಹೇಳಿದ್ದು ಹೊಂದುತ್ತದೆ. ಮಣ್ಣಿನಡಿಯ ಕತೆ ಬೇರೆ. ಸೋರಿಕೆ ಎಂಬ ಮಾತೂ ಸರಿ.

ಮರಳ ಹೆಜ್ಜೆ

ಮಳೆ ಇಲ್ಲ ಅಂದರೆ ನೀರೇ ಇಲ್ಲ ಎಂದುಕೊಳ್ಳಬೇಡಿ. ನಮೀಬ್ ಮರುಭೂಮಿಯನ್ನು ನೋಡಿ.

ಆಫ್ರಿಕಾದ ನೈರುತ್ಯ ಕರಾವಳಿಯ ಈ ಮರಳಿನಲ್ಲಿ ಮಳೆ ಅಪರೂಪ. ಆದರೆ ತಣ್ಣನೆಯ ಸಮುದ್ರದ ಮೇಲಿಂದ ಮಂಜು ಒಳನಾಡಿಗೆ ನುಗ್ಗುತ್ತದೆ. ಅಲ್ಲಿನ ಗೊಬಾಬೆಬ್ ಸಂಶೋಧನಾ ಕೇಂದ್ರದ ಸುತ್ತ ದಶಕಗಳಿಂದ ಅಧ್ಯಯನ ನಡೆಯುತ್ತಿದೆ. ದಿಬ್ಬಗಳ ಮೇಲೆ ಬೆಳೆಯುವ ಒಂದು ಹುಲ್ಲಿನ ಸತ್ತ ಕಡ್ಡಿಗಳ ಮೇಲೆ ಕಪ್ಪು ಬಣ್ಣದ ಶಿಲೀಂಧ್ರಗಳು ವಾಸವಾಗಿವೆ. ಹಗಲೆಲ್ಲ ಜೀವವಿಲ್ಲದಂತೆ ಒಣಗಿರುತ್ತವೆ. ರಾತ್ರಿ ಮಂಜೋ ಇಬ್ಬನಿಯೋ ತಾಗಿದ ಕೆಲವೇ ನಿಮಿಷದಲ್ಲಿ ಉಸಿರಾಟ ಶುರುಮಾಡುತ್ತವೆ, ಬಿಸಿಲೇರಿದಂತೆ ಮತ್ತೆ ನಿಲ್ಲಿಸುತ್ತವೆ. ಕ್ಯಾಥರಿನ್ ಜೇಕಬ್ಸನ್ ಮತ್ತು ತಂಡ ಇದನ್ನು 2015ರಲ್ಲಿ ತೋರಿಸಿತು. ಮಳೆಮಾಪಕದಲ್ಲಿ ಸೊನ್ನೆ ಇದ್ದ ರಾತ್ರಿಗಳಲ್ಲೂ ಹುಲ್ಲು ಕೊಳೆಯುತ್ತಿತ್ತು.

ಆಹಾರ ಸರಪಳಿಗೆ ಬಂದರೆ, ಆ ದಿಬ್ಬಗಳಲ್ಲಿ ಗಿಡವೇ ಇಲ್ಲದ ಜಾಗಗಳಿವೆ. ಅಲ್ಲೂ ಪ್ರಾಣಿಗಳು ಧಾರಾಳವಾಗಿವೆ. ಏನು ತಿನ್ನುತ್ತವೆ? ಗಾಳಿ ಎಲ್ಲಿಂದಲೋ ಹೊತ್ತು ತಂದ ಹುಲ್ಲಿನ ಚೂರು, ಬೀಜದ ಸಿಪ್ಪೆ, ಸತ್ತ ಹುಳದ ರೆಕ್ಕೆ. ದಿಬ್ಬದ ಗಾಳಿಮರೆಯ ಕಡಿದಾದ ಇಳಿಜಾರಿನ ಬುಡದಲ್ಲಿ ಇವೆಲ್ಲ ಗುಡಿಸಿಟ್ಟ ಹಾಗೆ ಸೇರುತ್ತವೆ. ಕಪ್ಪು ಜೀರುಂಡೆಗಳು ಆ ಕಸವನ್ನು ತಿನ್ನುತ್ತವೆ, ಜೀರುಂಡೆಗಳನ್ನು ಹಲ್ಲಿ, ಜೇಡ, ಚೇಳುಗಳು ತಿನ್ನುತ್ತವೆ, ಮರಳಲ್ಲಿ ಹುದುಗಿ ಕಾಯುವ ಪುಟ್ಟ ಮಂಡಲ ಹಾವು ಹಲ್ಲಿಗಳನ್ನು ತಿನ್ನುತ್ತದೆ. ಇಡೀ ಸಂಸಾರ ನಿಂತಿರುವುದು ಗಾಳಿ ತಂದ ಕಸದ ಮೇಲೆ. ಹಸಿರು ಗಿಡ ಎಲ್ಲೋ ಮೈಲಿಗಟ್ಟಲೆ ದೂರದಲ್ಲಿ, ಎಂದೋ ಬಿದ್ದ ಮಳೆಗೆ ಬೆಳೆದು ಸತ್ತಿರುತ್ತದೆ.

ಅದೇ ಜೀರುಂಡೆಗಳಲ್ಲಿ ಒಂದು ಜಾತಿ ಮಂಜಿನ ಬೆಳಗ್ಗೆ ದಿಬ್ಬದ ನೆತ್ತಿಗೆ ಹತ್ತಿ, ಗಾಳಿಗೆ ಬೆನ್ನೊಡ್ಡಿ, ತಲೆ ತಗ್ಗಿಸಿ ನಿಲ್ಲುತ್ತದೆ. ಬೆನ್ನ ಮೇಲೆ ಮಂಜು ಹನಿಗೂಡಿ ಬಾಯಿಗೆ ಇಳಿಯುತ್ತದೆ. ಒಂದೇ ಬೆಳಗ್ಗೆ ತನ್ನ ತೂಕದ ಶೇ. 34ರವರೆಗೂ ನೀರು ಕುಡಿದದ್ದನ್ನು 1976ರಲ್ಲಿ ದಾಖಲಿಸಿದ್ದಾರೆ. ಅದನ್ನು ತಿಂದ ಹಲ್ಲಿಗೆ ಅನ್ನ ನೀರು ಎರಡೂ ಒಂದೇ ತುತ್ತಿನಲ್ಲಿ.

ತರಗೆಲೆಯವರ ಮಗಳಿಗೆ ಇನ್ನೊಂದು ಸರಪಳಿ: ಒಣಹುಲ್ಲು → ಮರಳು ಗೆದ್ದಲು → ನಮೀಬಿನ ಚಿನ್ನದ ಮೋಲ್ → ಗೂಬೆ. ಕಣ್ಣಿನ ಮೇಲೆ ಚರ್ಮ ಬೆಳೆದ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಪ್ರಾಣಿ ಅದು. ಮರಳಿನೊಳಗೆ ಈಜುತ್ತ ಕಂಪನ ಹಿಡಿದು ಹೋಗಿ ಗೆದ್ದಲು ತಿನ್ನುತ್ತದೆ.

ಪುಟ್ಟ ಪ್ರಶ್ನೆ

ಮಂಜೂ ಇಲ್ಲ, ಗೆದ್ದಲೂ ಇಲ್ಲ, ಮಳೆಯೂ ಇಲ್ಲ ಎಂಬ ಜಾಗ ಇದೆಯೇ?

ಬಿಸಿಲುಕೋಲು

ಚಿಲಿಯ ಅಟಕಾಮಾ ಮರುಭೂಮಿಯ ನಡುಭಾಗ ಅದಕ್ಕೆ ತೀರಾ ಹತ್ತಿರ. ಅಲ್ಲಿನ ಯುಂಗಾಯ್ ಎಂಬಲ್ಲಿ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಎಷ್ಟು ವಿರಳವೆಂದರೆ 2003ರಲ್ಲಿ ವಿಜ್ಞಾನಿಗಳು ಅದನ್ನು ಮಂಗಳ ಗ್ರಹದ ಮಣ್ಣಿಗೆ ಹೋಲಿಸಿದರು. ಗಾಳಿಯಿಂದ ಇಳಿದ ನೈಟ್ರೇಟು, ಅಂದರೆ ಗಿಡಗಳಿಗೆ ಗೊಬ್ಬರವಾಗುವ ಲವಣ, ತಿನ್ನುವವರಿಲ್ಲದೆ, ಕೊಚ್ಚಿಹೋಗಲು ಮಳೆಯೂ ಇಲ್ಲದೆ, ಲಕ್ಷಾಂತರ ವರ್ಷ ಕೂತು ಗಣಿಯೇ ಆಗಿದೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ಗೊತ್ತಿಲ್ಲ: ಸರಪಳಿಯೇ ಇಲ್ಲದ ನೆಲದಲ್ಲಿ ಗೊಬ್ಬರ ಗೊಬ್ಬರವಾಗಿಯೇ ಉಳಿದುಬಿಡುತ್ತದೆ.

ಹುತ್ತದ ಪಕ್ಕ

ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಜೀವಿಯನ್ನು ಹೇಳದೆ ಹೋದರೆ ಮನಸ್ಸು ಒಪ್ಪದು. ಏಡಿ, ಸೀಗಡಿಗಳ ನೆಂಟ, ಹದಿನಾಲ್ಕು ಕಾಲಿನ ಮರುಭೂಮಿ ಐಸೊಪಾಡ್. ಗಂಡು ಹೆಣ್ಣು ಜೋಡಿಯಾಗಿ ಬಿಲ ತೋಡುತ್ತವೆ, ಅರ್ಧ ಮೀಟರಿಗೂ ಆಳಕ್ಕೆ, ತೇವ ಸಿಗುವ ತನಕ. ಮರಿಗಳಾದ ಮೇಲೆ ಸರದಿಯ ಮೇಲೆ ಬಾಗಿಲು ಕಾಯುತ್ತವೆ. ಪ್ರತಿ ಕುಟುಂಬಕ್ಕೂ ತನ್ನದೇ ವಾಸನೆ, ಆ ವಾಸನೆಯಿಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಹೊರಗಿನ ಒಣ ಎಲೆಚೂರನ್ನು ತಿಂದು, ಬಿಲಕ್ಕೂ ಹೊತ್ತೊಯ್ದು, ಕೆಳಗಿನ ಮಣ್ಣನ್ನು ನುಂಗಿ ಚೌಕನೆಯ ಹಿಕ್ಕೆಯಾಗಿ ಮೇಲೆ ತಂದು ಬಾಗಿಲ ಮುಂದೆ ಒಟ್ಟುತ್ತವೆ. ಮೇಲಿನ ಎಲೆ ಕೆಳಗೆ, ಕೆಳಗಿನ ಮಣ್ಣು ಮೇಲೆ. ನೀರು ಎಲೆಯ ಬಳಿಗೆ ಬಾರದಿದ್ದರೆ ಎಲೆಯನ್ನೇ ನೀರಿನ ಬಳಿಗೆ ಒಯ್ಯುವ ಉಪಾಯ ಇದು.

ಅಲ್ಲೇ ಸುಣ್ಣಕಲ್ಲಿನೊಳಗೆ ಬೆಳೆಯುವ ಕಲ್ಲುಹೂ ತಿನ್ನಲು ಕಲ್ಲನ್ನೇ ಕೆರೆಯುವ ಬಸವನಹುಳುಗಳೂ ಇವೆ. ಹೆಕ್ಟೇರಿಗೆ ವರ್ಷಕ್ಕೆ 0.7ರಿಂದ 1.1 ಟನ್ ಕಲ್ಲು ಅವುಗಳ ಹೊಟ್ಟೆಯಿಂದ ಮಣ್ಣಾಗಿ ಹೊರಬರುತ್ತದೆ ಎಂದು ಮೋಷೆ ಶಚಕ್ ಮತ್ತು ಜೊತೆಗಾರರು 1987ರಲ್ಲಿ ಲೆಕ್ಕ ಕೊಟ್ಟರು. ಬಸವನಹುಳು!

ಇರುಳುಹಕ್ಕಿ

ಎಲ್ಲರೂ ಹುಳುಗಳ ಬಗ್ಗೆಯೇ ಹೇಳುತ್ತಿದ್ದೀರಿ. ಥಾರ್ ಮರುಭೂಮಿಯಲ್ಲಿ ಸತ್ತ ಒಂಟೆ, ದನಗಳನ್ನು ಮುಗಿಸುವ ರಣಹದ್ದುಗಳೂ ವಿಘಟಕಗಳೇ ಅಲ್ಲವೇ?

ಜೀವಶಾಸ್ತ್ರದ ಮೇಷ್ಟ್ರು

ರಣಹದ್ದು ಹೆಣತಿನಿ. ಮಾಂಸವನ್ನು ಮಾಂಸವಾಗಿಯೇ ತಿನ್ನುತ್ತದೆ, ಖನಿಜದ ಮಟ್ಟಕ್ಕೆ ಬಿಡಿಸುವುದಿಲ್ಲ. ಉಳಿದದ್ದು ಹುಳು, ಜೀರುಂಡೆ, ಬ್ಯಾಕ್ಟೀರಿಯಾಗಳಿಗೆ. ಆದರೂ ನಿಮ್ಮ ಮಾತಿನಲ್ಲಿ ಸತ್ವವಿದೆ, ಅವು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಹೆಣದಲ್ಲಿ ಉಳಿದು, ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸತ್ತವು. ಕಾರಣ ಪತ್ತೆಯಾದದ್ದು 2004ರಲ್ಲಿ, ಭಾರತದಲ್ಲಿ ಜಾನುವಾರು ಬಳಕೆಗೆ ನಿಷೇಧ ಬಂದದ್ದು 2006ರಲ್ಲಿ. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಇಲ್ಲವಾಗಿತ್ತು. ಹೆಣಗಳು ನಾಯಿಗಳ ಪಾಲಾದವು. ಸರಪಳಿಯ ಒಂದು ಕೊಂಡಿ ಬಿದ್ದರೆ ಊಟ ಉಳಿಯುತ್ತದೆ, ಉಣ್ಣುವವರು ಬದಲಾಗುತ್ತಾರೆ.

ಇದಕ್ಕಿಂತ ಸಾವಿರ ಪಾಲು ಚಿಕ್ಕ ಪ್ರಮಾಣದಲ್ಲಿ ಇಂಥದ್ದೇ ನೆಲದಡಿಯಲ್ಲೂ ನಡೆಯುತ್ತದೆ. ವಿಟ್‌ಫೋರ್ಡ್ ತಂಡವೇ ಮಣ್ಣಲ್ಲಿ ಹೂತ ತರಗೆಲೆಯಿಂದ ನುಸಿಗಳನ್ನು ತೆಗೆದು ನೋಡಿತು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಹೋದರೆ ಏನು ಮಹಾ ಎನ್ನಿಸುತ್ತದೆ. ಆ ನುಸಿಗಳು ದುಂಡುಹುಳುಗಳನ್ನು ತಿನ್ನುತ್ತಿದ್ದವು. ನುಸಿ ಹೋದಮೇಲೆ ದುಂಡುಹುಳು ಹೆಚ್ಚಿದವು, ಹೆಚ್ಚಿದ ದುಂಡುಹುಳು ಬ್ಯಾಕ್ಟೀರಿಯಾಗಳನ್ನು ಮೇಯ್ದು ಬರಿದು ಮಾಡಿದವು, ಎಲೆ ಕೊಳೆಯುವುದು ನಿಧಾನವಾಯಿತು. ಹುಲಿ, ಜಿಂಕೆ, ಹುಲ್ಲಿನ ಕತೆ ಒಂದು ಒಣ ಎಲೆಯ ಕೆಳಗೆ. ವಿಘಟಕಗಳಿಗೂ ಬೇಟೆಗಾರರಿದ್ದಾರೆ, ಆ ಬೇಟೆಗಾರರಿಗೂ ಬೇಟೆಗಾರರಿದ್ದಾರೆ. ಅವನ್ನು ಒಂದೇ ಡಬ್ಬಿಯಲ್ಲಿ ಹಾಕಿ ಮೂಲೆಗಿಡಬಾರದು ಎಂದು ನಾನು ಹೇಳುವುದು ಇದಕ್ಕೇ.

ಮಣ್ಣು ಪೂರ್ತಿ ಒಣಗಿದಾಗ ಆ ದುಂಡುಹುಳುಗಳು ಸಾಯುವುದಿಲ್ಲ. ಮೈಯ ನೀರನ್ನೆಲ್ಲ ಬಿಟ್ಟು, ಸುರುಳಿ ಸುತ್ತಿ, ಉಸಿರನ್ನೂ ನಿಲ್ಲಿಸಿದಂತೆ ಬಿದ್ದಿರುತ್ತವೆ. ಮಳೆ ಬಿದ್ದರೆ ಏಳುತ್ತವೆ.

ಲೆಕ್ಕದ ಮನುಷ್ಯ

ಮೇಷ್ಟ್ರೇ, ಹಾಗಾದರೆ "ಸರಪಳಿ" ಎಂಬ ಪದವೇ ತೊಂದರೆ. ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಕಣಿವೆಯ ಮರಳುಭೂಮಿಯಲ್ಲಿ ಯಾರು ಯಾರನ್ನು ತಿನ್ನುತ್ತಾರೆ ಎಂದು ಗ್ಯಾರಿ ಪೋಲಿಸ್ ವರ್ಷಗಟ್ಟಲೆ ಗುರುತು ಹಾಕಿಕೊಂಡು 1991ರಲ್ಲಿ ಬರೆದರು. 174 ಜಾತಿಯ ಸಸ್ಯ, 138 ಜಾತಿಯ ಬೆನ್ನೆಲುಬಿನ ಪ್ರಾಣಿ, ಕೀಟಗಳು ಸಾವಿರಾರು. ಒಂದೇ ಜಾತಿಯ ಚೇಳು ಮರಿಯಾಗಿದ್ದಾಗ ಯಾರಿಗೆ ಊಟವೋ, ಬೆಳೆದಮೇಲೆ ಅವರನ್ನೇ ತಿನ್ನುತ್ತದೆ, ತನ್ನ ಜಾತಿಯನ್ನೂ ಬಿಡುವುದಿಲ್ಲ. ಬಾಣಗಳು ಸುತ್ತಿ ಬಂದು ಹೊರಟಲ್ಲಿಗೇ ಸೇರುತ್ತವೆ. ಪಠ್ಯದ ನಾಲ್ಕು ಹೆಸರಿನ ಸರಪಳಿ ಅಲ್ಲಿ ಎಲ್ಲೂ ಸಿಗಲಿಲ್ಲ.

ಮರಳ ಹೆಜ್ಜೆ

ಆದರೂ ಒಂದೇ ರಾತ್ರಿಯಲ್ಲಿ ಮುಗಿಯುವ ಒಂದು ಸರಪಳಿ ಇದೆ, ಅದನ್ನು ಬರೆದೇ ಬಿಡುತ್ತೇನೆ. ಸೊನೊರಾ ಮರುಭೂಮಿಯ ಗುದ್ದಲಿಗಾಲಿನ ಕಪ್ಪೆ ವರ್ಷದ ಬಹುಪಾಲು ನೆಲದಡಿ ಇರುತ್ತದೆ. ಬೇಸಿಗೆ ಮಳೆ ನೆಲಕ್ಕೆ ಬಡಿಯುವ ಕಂಪನ ಕೇಳಿ ಮೇಲೆ ಬರುತ್ತದೆ. ಅದೇ ಮಳೆಗೆ ರೆಕ್ಕೆ ಗೆದ್ದಲುಗಳೂ ಏಳುತ್ತವೆ. ಕಪ್ಪೆ ಒಂದೇ ರಾತ್ರಿಯಲ್ಲಿ ತನ್ನ ತೂಕದ ಅರ್ಧಕ್ಕಿಂತ ಹೆಚ್ಚು ಗೆದ್ದಲು ನುಂಗಬಲ್ಲದು. ಕೊಬ್ಬು ತುಂಬಿದ ಆ ಒಂದು ಊಟ ವರ್ಷವಿಡೀ ಸಾಕು. ವರ್ಷಗಟ್ಟಲೆ ಬಿದ್ದ ಒಣಕಡ್ಡಿ ಗೆದ್ದಲಿನಲ್ಲಿ ಕೊಬ್ಬಾಗಿ, ಒಂದು ರಾತ್ರಿಯಲ್ಲಿ ಕಪ್ಪೆಯ ಮೈಗೆ ಸೇರಿ, ಮತ್ತೆ ವರ್ಷ ನೆಲದಡಿ ಮಲಗುತ್ತದೆ.

ತರಗೆಲೆ

ಇಷ್ಟೆಲ್ಲ ಬರೆದಿದ್ದಕ್ಕೆ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಅವಳಿಗೆ ಒಂದೊಂದಾಗಿ ಓದಿ ಹೇಳಿದೆ. ಕಡ್ಡಿಯ ಆಕಾರದ ಮಣ್ಣಿನ ಕೊಳವೆಯ ಭಾಗವನ್ನು ಎರಡು ಸಲ ಓದಿಸಿಕೊಂಡಳು. ದೊಡ್ಡ ಹಾಳೆಯಲ್ಲಿ ಹೊಸ ಚಿತ್ರ ಶುರುವಾಗಿದೆ. ನಡುವೆ ಒಣ ಎಲೆಗಳ ರಾಶಿ, ಸುತ್ತ ಎಲ್ಲ ಕಡೆಗೂ ಬಾಣ. ಬಿಸಿಲಿನಿಂದ ಮೇಲಕ್ಕೆ ಹೋಗುವ ಚುಕ್ಕೆ ಬಾಣದ ಪಕ್ಕ "ಸೋರಿಕೆ" ಎಂದು ಬರೆದಿದ್ದಾಳೆ.

ಇನ್ನೊಂದು ಪ್ರಶ್ನೆ ಕಳಿಸಿದ್ದಾಳೆ. ಎತ್ತರದ ಕಳ್ಳಿ ಸತ್ತರೆ? ಅದರೊಳಗೆ ನೀರಿರುತ್ತದಲ್ಲ?

ಹುತ್ತದ ಪಕ್ಕ

ಎಂಥ ಪ್ರಶ್ನೆ! ಹೌದು, ಅಲ್ಲಿ ಎಲ್ಲವೂ ತಲೆಕೆಳಗು.

ಸೊನೊರಾದ ಸಾಗ್ವಾರೊ ಕಳ್ಳಿ ಟನ್ನುಗಟ್ಟಲೆ ತೂಗುತ್ತದೆ, ಅದರಲ್ಲಿ ಬಹುಪಾಲು ನೀರು. ಗಾಯವಾದ ಕಡೆ ಬ್ಯಾಕ್ಟೀರಿಯಾ ಹೊಕ್ಕರೆ ಒಳಗಿನ ತಿರುಳು ಕಪ್ಪು ಗಂಜಿಯಾಗುತ್ತದೆ, ಘಾಟು ದೂರಕ್ಕೆ ಹೊಡೆಯುತ್ತದೆ. ಸುತ್ತಲ ನೆಲ ಕಾದ ಹೆಂಚಿನಂತಿರುವಾಗ ಈ ಒಂದು ಕಂಬದೊಳಗೆ ಮಾತ್ರ ಕಾಡಿನ ಕೊಳೆತ. ಆ ಗಂಜಿಯಲ್ಲಿ ಮೊಟ್ಟೆಯಿಡುವ ಹಣ್ಣುನೊಣದ ಜಾತಿಯೊಂದಿದೆ. ಗಂಜಿ ಸೋರಿ ಬುಡದ ಮಣ್ಣು ನೆನೆಯುತ್ತದಲ್ಲ, ಆ ನೆನೆದ ಮಣ್ಣಿನಲ್ಲಷ್ಟೇ ಮರಿ ಮಾಡುವ ಇನ್ನೊಂದು ಜಾತಿ ಬೇರೆಯೇ ಇದೆ. ನೊಣದ ಮರಿಗಳನ್ನು ತಿನ್ನಲು ಜೀರುಂಡೆಗಳು ಬರುತ್ತವೆ. ಎಲ್ಲ ಮುಗಿದ ಮೇಲೆ ಒಳಗಿನ ಮರದ ಪಕ್ಕೆಲುಬುಗಳು ಮಾತ್ರ ಬಿಸಿಲಿಗೆ ಬೆಳ್ಳಗೆ ನಿಂತಿರುತ್ತವೆ, ಅವಕ್ಕೆ ಗೆದ್ದಲು ಬರುತ್ತದೆ.

ಹಾಳೆಯಲ್ಲಿ ಜಾಗವಿದ್ದರೆ ಕಳ್ಳಿಯ ಬುಡದಲ್ಲಿ ಒಂದು ಒದ್ದೆ ಮಣ್ಣಿನ ವೃತ್ತ ಹಾಕಲು ಹೇಳಿ.

ತರಗೆಲೆ

ಹಾಕಿದಳು. ಕಂದು ಬಣ್ಣದ ಪೆನ್ಸಿಲು ಸಾಲದೆ ಅಕ್ಕನದನ್ನೂ ತಂದುಕೊಂಡಿದ್ದಾಳೆ.